ಕೋಣೆಯೊಳಗಣ ಭಂಗಿಗಿಡ

ವೈಟ್‌ಫೀಲ್ಡಿನಲ್ಲಿ ನಾನು ವಾಸವಾಗಿರುವ ವಸತಿಸಮುಚ್ಚಯದ ತಾರಸಿಯ ಮೇಲೆ, ಭಾನುವಾರದ ಬೆಳಗಿನಲ್ಲಿ, ಕೈತೋಟದ ಹುಚ್ಚು ಹಿಡಿದ ನಾಲ್ಕಾರು ಮಂದಿ ಸೇರಿ, ಗೊಬ್ಬರದ ತೊಟ್ಟಿಯನ್ನು ಕೆದಕುತ್ತ, ಬಸಳೆಯ ಕುಡಿಗಳನ್ನು ಚಪ್ಪರಕ್ಕೆ ಹಬ್ಬಿಸುತ್ತ, ಊರಿನ ಹೊಲಗದ್ದೆಗಳನ್ನು ನೆನೆಯುತ್ತ ಒಂದೆರಡು ತಾಸು ಕಳೆಯುವುದುಂಟು. ಮೊನ್ನೆ ಅಂತಹುದೊಂದು ಬೆಳಗಿನಲ್ಲಿ, ದಾವಣಗೆರೆಯ ಕಡೆಯವನೂ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಉದ್ಯೋಗಿಯೂ ಆದ ತರುಣನೊಬ್ಬನು, ಉಳಿದವರು ಕೆಳಗಿಳಿದು ಹೋಗುವವರೆಗೂ ಕಾದು ನಿಂತು, ದನಿ ತಗ್ಗಿಸಿ ಕೇಳಿದನು: “ಸರ್, ಒಂದೇ ಒಂದು ಗಾಂಜಾ ಗಿಡ. ಬೀಜ ಹಾಕಿ, ಮನೆಯೊಳಗೇ, ಬರೀ ಸಾವಯವ ಗೊಬ್ಬರದಲ್ಲಿ. ಮಾರೋದಿಲ್ಲ, ಯಾರಿಗೂ ಕೊಡೋದೂ ಇಲ್ಲ. ಕೆಮಿಕಲ್ ಒಂದು ಹನಿ ಮುಟ್ಟಿಸೋದಿಲ್ಲ. ಅದೂ ಅಪರಾಧವೇ?” “ಹೌದಪ್ಪ, ಅಪರಾಧವೇ” ಎಂದೆನು. ಆದರೆ ಕಾರಣವನ್ನು ಕಾಣದೆ ಆಜ್ಞೆಯನ್ನು ಒಪ್ಪದಿರುವುದು ಎಂಜಿನಿಯರರ ಸ್ವಭಾವ. ಅವನ ಮುಖದಲ್ಲಿ ಸಮಾಧಾನ ಮೂಡಲಿಲ್ಲ. ‘ಸಾವಯವ’ ಎಂಬ ಒಂದು ಮಾತನ್ನು ಅವನು ಪುಣ್ಯಾಹದ ನೀರಿನಂತೆ ಆ ಗಿಡದ ಮೇಲೆ ಚಿಮುಕಿಸಿದ್ದನು. ಮಡಿಯಾದ ವಸ್ತುವಿನಲ್ಲಿ ಇನ್ನೇನು ದೋಷವೆಂಬುದು ಅವನ ಭಾವನೆ. ಆ ಭಾವನೆಯನ್ನು ಕುರಿತೇ ಈ ವಾರದ ಅಂಕಣ.

ಗಿಡವೇನೋ ನಮಗೆ ಹೊಸತಲ್ಲ. ಕನ್ನಡಿಗರು ಅದನ್ನು ಭಂಗಿ ಎಂದು ಕರೆದರು. ಅದನ್ನು ಸೇದುವವನನ್ನು ‘ಭಂಗಿ ಸೇದುವವನು’ ಎಂದು ಬೈದೂ ಬೈದರು, ಅವನು ಬೈರಾಗಿಯೋ ಅವಧೂತನೋ ಆಗಿದ್ದ ಪಕ್ಷದಲ್ಲಿ ಕೈಮುಗಿದೂ ಮುಗಿದರು. ಯಾದಗಿರಿ ಜಿಲ್ಲೆಯ ತಿಂಥಣಿಯಲ್ಲಿ ಮೌನೇಶ್ವರರ ಜಾತ್ರೆಯ ಕಾಲಕ್ಕೆ ಭಕ್ತರು ಇದನ್ನು ಪ್ರಸಾದವೆಂದು ಸ್ವೀಕರಿಸುವ ರೂಢಿಯನ್ನು ಪತ್ರಿಕೆಗಳು ವರದಿಮಾಡಿವೆ. ಆಯುರ್ವೇದವು ಇದಕ್ಕೆ ವಿಜಯಾ ಎಂಬ ಗಂಭೀರವಾದ ಹೆಸರನ್ನಿತ್ತು, ಜಾತೀಫಲಾದಿ ಚೂರ್ಣದಂತಹ ಯೋಗಗಳಲ್ಲಿ ಬಳಸಿತು. ಬಳಸಿತಾದರೂ ವಿಷದ್ರವ್ಯಗಳ ಸಾಲಿನಲ್ಲಿಯೇ ಇರಿಸಿತೆಂಬುದನ್ನು ಮಾತ್ರ ಇದರ ಅಭಿಮಾನಿಗಳು ಮರೆತುಬಿಡುತ್ತಾರೆ. 1753ರಲ್ಲಿ ಲಿನೇಯಸನು ‘ಕ್ಯಾನಬಿಸ್ ಸಟೈವಾ’ ಎಂದು ನಾಮಕರಣ ಮಾಡಿದ ಮೇಲೆ, 1785ರಲ್ಲಿ ಲಾಮಾರ್ಕನು ಭಾರತದಿಂದ ಬಂದ ಮಾದರಿಗಳನ್ನು ಬೇರೆಯೇ ಜಾತಿಯೆಂದೆಣಿಸಿ ‘ಇಂಡಿಕಾ’ ಎಂದನು. 1893ರಲ್ಲಿ ಆಂಗ್ಲ ಸರ್ಕಾರವು ನೇಮಿಸಿದ ಆಯೋಗವೊಂದು, ಸಾವಿರಕ್ಕೂ ಮಿಕ್ಕ ಸಾಕ್ಷಿಗಳನ್ನು ವಿಚಾರಿಸಿ, ಏಳು ಸಂಪುಟಗಳ ವರದಿಯನ್ನು ಬರೆದು, ಮಿತವಾದ ಸೇವನೆಯಿಂದ ಹೇಳಿಕೊಳ್ಳುವಂತಹ ಹಾನಿಯಿಲ್ಲವೆಂದೂ, ನಿಷೇಧಕ್ಕಿಂತ ತೆರಿಗೆ ಮತ್ತು ಪರವಾನಿಗೆಗಳ ಅಂಕುಶವೇ ಲೇಸೆಂದೂ ತೀರ್ಮಾನಿಸಿತು. ಆ ವರದಿಯನ್ನು ಇಂದಿನ ತರುಣರು ಆಪ್ತವಾಕ್ಯದಂತೆ ಉದ್ಧರಿಸುವುದನ್ನು ಕೇಳಿದ್ದೇನೆ. ಅವರು ಉದ್ಧರಿಸುವ ಗಿಡ ಬೇರೆ, ಕೋಣೆಯೊಳಗೆ ಬೆಳೆಸಹೊರಟಿರುವ ಗಿಡ ಬೇರೆ. ಆ ಮಾತಿಗೆ ಮುಂದೆ ಬರುತ್ತೇನೆ.

ಮೊದಲು ಕಾಯಿದೆಯನ್ನು ನೋಡೋಣ. ಏಕೆಂದರೆ ಅದು ಈ ಗಿಡವನ್ನು ಅಂಗಾಂಗವಾಗಿ ವಿಭಜಿಸಿ ನೋಡುವ ಕ್ರಮವು, ಛೇದನಶಾಸ್ತ್ರದ ವಿದ್ಯಾರ್ಥಿಗೂ ಬೆರಗನ್ನುಂಟುಮಾಡತಕ್ಕದ್ದು. 1961ರ ಅಂತರರಾಷ್ಟ್ರೀಯ ಒಪ್ಪಂದವನ್ನು ಅನುಸರಿಸಿ 1985ರಲ್ಲಿ ನಮ್ಮ ಸಂಸತ್ತು ರಚಿಸಿದ, ಎಲ್ಲರೂ ಎನ್‌ಡಿಪಿಎಸ್ ಎಂದು ಕರೆಯುವ ಮಾದಕವಸ್ತುಗಳ ಕಾಯಿದೆಯ ದೃಷ್ಟಿಯಲ್ಲಿ, ಗಾಂಜಾ ಎಂದರೆ ಗಿಡದ ಹೂಬಿಟ್ಟ ಅಥವಾ ಕಾಯಿಕಟ್ಟಿದ ತುದಿ. ಅಂಟಿನಂತೆ ಬೇರ್ಪಡಿಸಿ ತೆಗೆದ ರಾಳವು ಚರಸ್. ತುದಿಯೊಡನೆ ಕೂಡಿರದ ಬೀಜವೂ ಎಲೆಯೂ ಗಾಂಜಾ ಅಲ್ಲ. ಹಾಗಾಗಿ ಎಲೆಯನ್ನು ಅರೆದು ಮಾಡುವ ಭಂಗು ಈ ಕಾಯಿದೆಯ ಬಲೆಯಿಂದ ನುಣುಚಿಕೊಂಡು, ಆಯಾ ರಾಜ್ಯದ ಅಬಕಾರಿ ಕಾಯಿದೆಯ ಕೈಗೆ ಬೀಳುತ್ತದೆ. ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ದಾರಿಯಿಂದ ತುಸು ಒಳಗಿರುವ ಬೇಗೂರಿನಲ್ಲಿ ಪೊಲೀಸರು 29 ಕಿಲೋ ಭಂಗನ್ನು ಹಿಡಿದು ಹೂಡಿದ ಮೊಕದ್ದಮೆಯಲ್ಲಿ, 2022ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಆರೋಪಿಗೆ ಜಾಮೀನು ನೀಡುತ್ತ ಆಡಿದ ಮಾತೂ ಇದೇ: ಭಂಗು ಎಂಬುದು ಈ ಕಾಯಿದೆಯ ಪಟ್ಟಿಯಲ್ಲಿ ಹೆಸರಾಗಿ ಬಂದಿಲ್ಲ. ಇನ್ನು ಬೀಜದ ಭಾಗ್ಯವು ಇದಕ್ಕಿಂತಲೂ ಹಿರಿದು. 2021ರ ನವೆಂಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು ಭಂಗಿಯ ಬೀಜ, ಬೀಜದ ಎಣ್ಣೆ, ಬೀಜದ ಹಿಟ್ಟುಗಳನ್ನು ಆಹಾರವೆಂದೇ ಅಂಗೀಕರಿಸಿ, ಕಿಲೋ ಬೀಜದಲ್ಲಿ ಮಾದಕಾಂಶವು 5 ಮಿಲಿಗ್ರಾಮಿಗೆ ಮೀರಕೂಡದೆಂಬ ಮಿತಿಯನ್ನು ಗೊತ್ತುಮಾಡಿತು.

ಬೀಜವನ್ನು ತಿನ್ನಬಹುದು; ಎಲೆಯ ವಿಷಯ ರಾಜ್ಯಕ್ಕೆ ಬಿಟ್ಟದ್ದು; ಆದರೆ ಅದೇ ಬೀಜವನ್ನು ಒದ್ದೆ ಮಣ್ಣಿನಲ್ಲಿ ಊರಿ, ಅದು ಎರಡೆಲೆ ಬಿಟ್ಟು ತಲೆಯೆತ್ತಿತೋ, ಬೆಳೆಸಿದವನು ಅಪರಾಧಿ! ಕಾರಣವೇನೆಂದರೆ, ‘ಗಾಂಜಾ’ ಎಂಬುದಕ್ಕೆ ಅಷ್ಟು ಸೂಕ್ಷ್ಮವಾದ ವ್ಯಾಖ್ಯೆ ಕೊಟ್ಟ ಕಾಯಿದೆಯೇ, ‘ಗಿಡ’ ಎಂಬುದಕ್ಕೆ ಆ ಕುಲದ ಯಾವುದೇ ಸಸ್ಯವೆಂದು ಒಂದೇ ಮಾತಿನಲ್ಲಿ ವ್ಯಾಖ್ಯೆ ಕೊಟ್ಟು, ಅಂತಹ ಸಸ್ಯದ ಕೃಷಿಯನ್ನು 8ನೆಯ ಕಲಮಿನಲ್ಲಿ ನಿಷೇಧಿಸಿದೆ. ಹೂವಿಲ್ಲದ ಗಿಡ, ಗಂಡು ಗಿಡ, ಅಮಲೇ ಇರದ ನಾರಿನ ಗಿಡ, ಎಲ್ಲವೂ ಆ ಒಂದು ಮಾತಿನೊಳಗೆ ಅಡಕ. 20ನೆಯ ಕಲಮಿನಂತೆ ಬೆಳೆದವನಿಗೆ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿಯವರೆಗೆ ದಂಡ. ಇಟ್ಟುಕೊಂಡವನ ವಿಷಯದಲ್ಲಿ ಕಾಯಿದೆಯು 1 ಕಿಲೋ ಅಲ್ಪಪ್ರಮಾಣವೆಂದೂ 20 ಕಿಲೋ ವ್ಯಾಪಾರಪ್ರಮಾಣವೆಂದೂ ತಾರತಮ್ಯವನ್ನೆಣಿಸಿ, ಅಲ್ಪಕ್ಕೆ ಒಂದು ವರ್ಷದ ಮಿತಿಯಲ್ಲಿ ಶಿಕ್ಷೆಯನ್ನು ನಿಲ್ಲಿಸುತ್ತದೆ. ಬೆಳೆದವನಿಗೆ ಈ ತಾರತಮ್ಯದ ಆಸರೆ ಇಲ್ಲ. ಒಂದು ಕುಂಡಕ್ಕೂ ಜೋಳದ ನಡುವೆ ಮರೆಮಾಡಿ ಬೆಳೆದ ಒಂದು ಎಕರೆಗೂ ಪುಸ್ತಕದಲ್ಲಿ ಒಂದೇ ಸಾಲು. ಭೇದವನ್ನೆಣಿಸುವ ಭಾರವೆಲ್ಲ ನ್ಯಾಯಾಧೀಶರ ವಿವೇಕದ ಮೇಲೆ. 14ನೆಯ ಕಲಮಿನಂತೆ ಸರ್ಕಾರವು ನಾರಿಗಾಗಿ, ಬೀಜಕ್ಕಾಗಿ ಅಥವಾ ತೋಟಗಾರಿಕೆಗಾಗಿ ಅನುಮತಿಯನ್ನೀಯಬಹುದು. ಉತ್ತರಾಖಂಡವು 2018ರಲ್ಲಿ ಅಂತಹ ಪರವಾನಿಗೆಯನ್ನು ಕೊಟ್ಟದ್ದೂ ಉಂಟು. ಆದರೆ ಆ ದಾರಿ ಮೂರನೆಯ ಅಂತಸ್ತಿನ ಮಲಗುವ ಕೋಣೆಗೆ ಹಾಯುವುದಿಲ್ಲ.

ಇನ್ನು ತರುಣನ ಪ್ರಶ್ನೆಯಲ್ಲಿದ್ದ ಎರಡನೆಯ ಮಾತು, ‘ಮನೆಯೊಳಗೆ’. ಸೂರ್ಯನಿಗಾಗಿ ಹುಟ್ಟಿದ ಗಿಡವನ್ನು ಕೋಣೆಯೊಳಗೆ ಕೂಡಿಹಾಕಬೇಕೆಂಬ ಬುದ್ಧಿ ಮನುಷ್ಯನಿಗೆ ಹುಟ್ಟಿದ್ದಾದರೂ ಹೇಗೆ? ಇದರ ಹಿಂದೆ ಒಂದು ಸೊಗಸಾದ ವಿಜ್ಞಾನದ ಕಥೆಯುಂಟು. ಪ್ಯಾರಿಸಿನ ಜೂಲಿಯೆನ್ ಟೂರ್ನ್ವಾ ಎಂಬ ತರುಣ ಸಸ್ಯಶಾಸ್ತ್ರಜ್ಞನು, ಚಳಿಗಾಲದಲ್ಲಿ ಗಾಜಿನ ಮನೆಯೊಳಗೆ ಬಿತ್ತಿದ ಭಂಗಿಯ ಸಸಿಗಳು ಗೇಣುದ್ದಕ್ಕೂ ಬೆಳೆಯುವ ಮುನ್ನವೇ ಹೂಬಿಡುವುದನ್ನು ಕಂಡು, ಕಾರಣವು ಚಳಿಯಲ್ಲ, ಗೊಬ್ಬರವಲ್ಲ, ಹಗಲಿನ ಗಿಡ್ಡತನವೆಂದು ಊಹಿಸಿ, 1912ರಲ್ಲಿ ಅದನ್ನು ಪ್ರಕಟಿಸಿದನು. ಎರಡು ವರ್ಷದ ತರುವಾಯ ಮಹಾಯುದ್ಧದಲ್ಲಿ ಅವನು ಮಡಿದನು. 1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬಿಬ್ಬರು ಹೊಗೆಸೊಪ್ಪಿನ ಮೇಲೆ ಪ್ರಯೋಗಿಸಿ ಅದನ್ನೇ ಸಿದ್ಧಾಂತವಾಗಿ ಸ್ಥಾಪಿಸಿ ಕೀರ್ತಿಯನ್ನು ಪಡೆದರು. ಇರುಳು ದೀರ್ಘವಾದರೆ ಹೂಬಿಡುವ ಈ ಜಾತಿಯ ಗಿಡಕ್ಕೆ, ದೀಪವನ್ನು ಹೊತ್ತಿಸಿ ಆರಿಸುವ ಮೂಲಕ ಇಲ್ಲದ ಋತುವನ್ನು ನಟಿಸಿ ತೋರಿಸಬಹುದೆಂಬ ಅರಿವು ಹೀಗೆ ಹುಟ್ಟಿತು. ಬೇಸಗೆಯ ಹಗಲು ಹದಿನಾರು ಹದಿನೇಳು ಗಂಟೆಯವರೆಗೆ ಹಿಗ್ಗಿ, ಹೂಬಿಡುವ ಹೊತ್ತಿಗೆ ಚಳಿಯೂ ಮಂಜೂ ಬಂದೆರಗುವ ಉತ್ತರ ದೇಶಗಳಲ್ಲಿ ಆ ನಟನೆಗೆ ಅರ್ಥವುಂಟು.

ನಮ್ಮ ಬೆಂಗಳೂರಿನಲ್ಲಿ ಏನರ್ಥ? 13 ಡಿಗ್ರಿ ಅಕ್ಷಾಂಶದಲ್ಲಿ, ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಈ ಊರಿನ ಹಗಲು, ಡಿಸೆಂಬರಿನಲ್ಲಿ ಹನ್ನೊಂದೂಕಾಲು ಗಂಟೆಗೆ ಸ್ವಲ್ಪ ಮೇಲೆ, ಜೂನಿನಲ್ಲಿ ಹದಿಮೂರಕ್ಕೆ ಸ್ವಲ್ಪ ಕಡಮೆ. ವರ್ಷದ ಉದ್ದಕ್ಕೂ ಬಿಸಿಲು ಬಿಟ್ಟಿಯಾಗಿ ಬೀಳುವ ಇಂತಹ ನೆಲದಲ್ಲಿ, ಕಿಟಕಿಗೆ ಕಪ್ಪು ಹಾಳೆ ಅಂಟಿಸಿ, ನೇರಳೆ ಬಣ್ಣದ ದೀಪದ ಕೆಳಗೆ ಕುಂಡವನ್ನಿಟ್ಟವನು ಗಿಡದ ಹಿತವನ್ನು ಬಯಸಿ ಇಟ್ಟವನಲ್ಲ. ನೆರೆಯವರ ಕಣ್ಣಿಗೆ ಹೆದರಿ ಇಟ್ಟವನು. ಕೋಣೆಯೆಂಬುದು ಇಲ್ಲಿ ಕೃಷಿಯ ಉಪಾಯವಲ್ಲ, ಮರೆಯ ಉಪಾಯ. ಆ ಮರೆಯೂ ಬಹುಕಾಲ ನಿಲ್ಲುವುದಿಲ್ಲವೆಂಬುದಕ್ಕೆ ದೂರ ಹೋಗಬೇಕಾದದ್ದಿಲ್ಲ. 2021ರಲ್ಲಿ ಮೈಸೂರು ರಸ್ತೆಯ ಬಿಡದಿಯಲ್ಲಿ, ಬಾಡಿಗೆಗೆ ಹಿಡಿದ ವಿಲ್ಲಾ ಒಂದರೊಳಗೆ ಕೃತಕ ಬೆಳಕಿನಲ್ಲಿ ಬೆಳೆಸಿದ್ದ ನೂರಕ್ಕೂ ಮಿಕ್ಕ ಗಿಡಗಳನ್ನು ಬೆಂಗಳೂರಿನ ಸಿಸಿಬಿ ಪೊಲೀಸರು ಪತ್ತೆಮಾಡಿದರು. 2023ರ ಜೂನಿನಲ್ಲಿ ಶಿವಮೊಗ್ಗೆಯ ಬಾಡಿಗೆಮನೆಯೊಂದರಲ್ಲಿ ಇದೇ ಬಗೆಯ ಏರ್ಪಾಡನ್ನು ಮಾಡಿಕೊಂಡಿದ್ದವರು ವೈದ್ಯಕೀಯ ವಿದ್ಯಾರ್ಥಿಗಳೆಂದು ಕೇಳಿ ಜನರು ಮೂಗಿನ ಮೇಲೆ ಬೆರಳಿಟ್ಟರು. 2024ರ ನವೆಂಬರಿನಲ್ಲಿ ಬೆಂಗಳೂರಿನ ಎಂಎಸ್‌ಆರ್ ನಗರದ ದಂಪತಿಗಳ ಕಥೆಯಂತೂ ಕರುಣೆಯನ್ನೂ ನಗೆಯನ್ನೂ ಒಟ್ಟಿಗೆ ತರಿಸುತ್ತದೆ: ಬಾಲ್ಕನಿಯಲ್ಲಿ ಹೂಕುಂಡಗಳನ್ನಿಟ್ಟು ಬೆಳೆಸಿದವರು, ತಮ್ಮ ಹೂದೋಟದ ಅಂದವನ್ನು ಫೇಸ್‌ಬುಕ್ಕಿನಲ್ಲಿ ಲೋಕಕ್ಕೆಲ್ಲ ತೋರಿಸಿದರು, ಆ ಲೋಕದಲ್ಲಿ ಪೊಲೀಸರೂ ಸೇರಿದ್ದರು.

ಈಗ ಆ ಪುಣ್ಯಾಹದ ಮಾತಿಗೆ ಬರೋಣ. ಸಾವಯವ ಗೊಬ್ಬರವೆಂದರೇನು? ಹಟ್ಟಿಗೊಬ್ಬರ, ಎರೆಗೊಬ್ಬರ, ಬೇವಿನ ಹಿಂಡಿ, ಕಡಲೆಕಾಯಿ ಹಿಂಡಿ, ಮೂಳೆಹುಡಿ, ಜೀವಾಮೃತ, ಪಂಚಗವ್ಯ, ಇವೆಲ್ಲ ನಮ್ಮ ರೈತರು ಬಲ್ಲವೇ. ಆದರೆ ಸಸ್ಯದ ಬೇರು ಸೆಗಣಿಯನ್ನು ಸೆಗಣಿಯಾಗಿ ಉಣ್ಣುವುದಿಲ್ಲ, ಹಿಂಡಿಯನ್ನು ಹಿಂಡಿಯಾಗಿ ಉಣ್ಣುವುದಿಲ್ಲ. ಮಣ್ಣಿನಲ್ಲಿರುವ ಅಗಣಿತ ಸೂಕ್ಷ್ಮಜೀವಿಗಳು ಅವನ್ನು ಕೊಳೆಯಿಸಿ, ಒಡೆದು, ಮೊದಲು ಅಮೋನಿಯವನ್ನಾಗಿಯೂ ಬಳಿಕ ನೈಟ್ರೇಟನ್ನಾಗಿಯೂ ಪರಿವರ್ತಿಸಿದ ಮೇಲೆ, ಬೇರು ಹೀರುವುದು ಆ ನೈಟ್ರೇಟನ್ನು. ಚೀಲದಲ್ಲಿ ಬರುವ ರಸಗೊಬ್ಬರವು ಕೊಡುವುದೂ ಅಂತಿಮವಾಗಿ ಅದನ್ನೇ. ಹಾಗಿದ್ದರೆ ಸಾವಯವಕ್ಕೆ ಮಹತ್ವವಿಲ್ಲವೇ ಎಂದರೆ, ಬೇಕಾದಷ್ಟುಂಟು. ಆದರೆ ಆ ಮಹತ್ವವಿರುವುದು ಗಿಡದೊಳಗಣ ರಸಾಯನದಲ್ಲಿ ಅಲ್ಲ, ನೆಲದ ಆರೋಗ್ಯದಲ್ಲಿ. ಮಣ್ಣು ಸಡಿಲವಾಗುವುದು, ನೀರನ್ನು ಹಿಡಿದಿಡುವುದು, ಎರೆಹುಳು ಬಾಳುವುದು, ಪೋಷಕಾಂಶಗಳು ಮಳೆಯಲ್ಲಿ ಕೊಚ್ಚಿಹೋಗಿ ಕೆರೆಯನ್ನು ಕೆಡಿಸದಿರುವುದು, ಇವು ಸಾವಯವದ ಫಲಗಳು. 2004ರಲ್ಲಿ ಕರ್ನಾಟಕವು ದೇಶದಲ್ಲಿಯೇ ಮೊದಲಾಗಿ ಸಾವಯವ ಕೃಷಿನೀತಿಯನ್ನು ರೂಪಿಸಿದ್ದು ಈ ನೆಲದ ಮೇಲಣ ಕಾಳಜಿಯಿಂದ. ಎಂಟು ಅಡಿ ಅಗಲದ ಕೋಣೆಯಲ್ಲಿ, ತೆಂಗಿನನಾರಿನ ಪುಡಿ ತುಂಬಿದ ಚೀಲದಲ್ಲಿ ನೆಲವೆಲ್ಲಿ ಬಂತು, ಅದರ ಆರೋಗ್ಯವೆಲ್ಲಿ ಬಂತು? ಇನ್ನು ಮಾದಕಾಂಶದ ಮಾತು ಹೇಳುವುದಾದರೆ, 1964ರಲ್ಲಿ ಇಸ್ರೇಲಿನ ಮೆಶುಲಾಮ್ ಮತ್ತು ಗಾವೋನಿಯವರು ರಚನೆಯನ್ನು ಬಿಡಿಸಿ ತೋರಿಸಿದ ಟಿಎಚ್‌ಸಿ ಎಂಬ ಆ ಅಣುವು, ಗಿಡ ಬೇವಿನ ಹಿಂಡಿಯನ್ನುಂಡರೂ ಯೂರಿಯಾವನ್ನುಂಡರೂ ಅದೇ ಅಣು. ಮಿದುಳಿಗೆ ಗೊಬ್ಬರದ ಕುಲಗೋತ್ರ ತಿಳಿಯುವುದಿಲ್ಲ.

ವಿದ್ಯುತ್ತಿನ ಲೆಕ್ಕವನ್ನು ತೆಗೆದರಂತೂ ಸಾವಯವದ ಮಡಿ ಪೂರಾ ಮೈಲಿಗೆಯಾಗುತ್ತದೆ. ಅಮೆರಿಕದ ಇವಾನ್ ಮಿಲ್ಸ್ ಎಂಬ ಶಕ್ತಿತಜ್ಞನು 2012ರಲ್ಲಿ ಗಣಿಸಿದಂತೆ, ಆ ದೇಶದ ಒಟ್ಟು ವಿದ್ಯುತ್ತಿನಲ್ಲಿ ಸುಮಾರು ಶೇಕಡಾ 1ರಷ್ಟನ್ನು ಕೋಣೆಯೊಳಗಣ ಈ ಬೆಳೆಯೇ ನುಂಗುತ್ತಿತ್ತು. 2021ರಲ್ಲಿ ಕೊಲರಾಡೋ ಸ್ಟೇಟ್ ವಿಶ್ವವಿದ್ಯಾನಿಲಯದ ಸಂಶೋಧಕರು, ಒಳಾಂಗಣದಲ್ಲಿ ಬೆಳೆದ ಒಂದು ಕಿಲೋ ಒಣಹೂವಿಗೆ, ಪ್ರದೇಶವನ್ನನುಸರಿಸಿ 2,283ರಿಂದ 5,184 ಕಿಲೋವರೆಗೆ ಇಂಗಾಲಾನಿಲದ ಹೊರೆಯನ್ನು ಲೆಕ್ಕಹಾಕಿದರು. ಬಿಸಿಲನ್ನು ಹೊರಗಟ್ಟಿ, ಕಲ್ಲಿದ್ದಲಿನ ಬೆಳಕನ್ನು ಒಳಗೆ ತಂದು, ಬೇರಿಗೆ ಒಂದು ಹಿಡಿ ಎರೆಗೊಬ್ಬರವನ್ನು ಹಾಕಿ, ಪ್ರಕೃತಿಗೆ ಉಪಕಾರ ಮಾಡಿದೆನೆಂದುಕೊಳ್ಳುವವನಿಗೆ ಏನೆನ್ನಬೇಕು!

ನೀರಿನದೊಂದು ಮಾತುಂಟು, ಅದನ್ನು ಪೀಣ್ಯದವರು ಕೇಳಲೇಬೇಕು. ಲೋಹಕ್ಕೆ ಮೆರುಗು ಕೊಡುವ ಕಾರ್ಖಾನೆಗಳ ದೆಸೆಯಿಂದ ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದು ಸರ್ಕಾರಿ ಸಂಸ್ಥೆಗಳ ಪರೀಕ್ಷೆಗಳಲ್ಲಿಯೇ ದೃಢಪಟ್ಟಿರುವ ಸಂಗತಿ. ಭಂಗಿಯೋ, ಮಣ್ಣಿನಲ್ಲಿರುವ ಭಾರಲೋಹಗಳನ್ನು ಹೀರಿಕೊಳ್ಳುವುದರಲ್ಲಿ ಹೆಸರಾದ ಗಿಡ. ಆ ಗುಣಕ್ಕಾಗಿಯೇ 1990ರ ದಶಕದ ಕೊನೆಯಲ್ಲಿ ಉಕ್ರೇನಿನ ಚೆರ್ನೋಬಿಲ್ ಸಮೀಪದ ಕೆಟ್ಟ ನೆಲವನ್ನು ಶುದ್ಧಮಾಡಲು ಇದನ್ನು ಪ್ರಯೋಗಾರ್ಥವಾಗಿ ಬಿತ್ತಿದ್ದರು. ಕೊಳವೆಬಾವಿಯ ನೀರು ಎಂತಹುದೆಂದು ನೋಡದೆ, ಗೊಬ್ಬರದ ಚೀಟಿಯ ಮೇಲೆ ಸಾವಯವವೆಂದು ಬರೆದಿದೆಯೆಂದು ನಂಬುವುದು, ಯಾವ ಗಿಡದ ವಿಷಯದಲ್ಲಿಯೂ ಜಾಣತನವಲ್ಲ. ಸೊಪ್ಪು ತರಕಾರಿಗೂ ಈ ಮಾತು ಸಲ್ಲುತ್ತದೆ.

ಅಜ್ಜಂದಿರು ಸೇದುತ್ತಿದ್ದರಲ್ಲವೇ ಎಂಬವರಿಗೆ ಆಗಲೇ ಬಾಕಿಯಿಟ್ಟ ಉತ್ತರ ಇಷ್ಟೆ. ಅಮೆರಿಕದಲ್ಲಿ ಪೊಲೀಸರು ವಶಪಡಿಸಿಕೊಂಡ ಮಾದರಿಗಳಲ್ಲಿ ಟಿಎಚ್‌ಸಿಯ ಸರಾಸರಿಯು 1995ರಲ್ಲಿ ಶೇಕಡಾ 4ರ ಆಸುಪಾಸಿನಲ್ಲಿದ್ದದ್ದು 2014ರ ಹೊತ್ತಿಗೆ 12ಕ್ಕೆ ಏರಿತ್ತು. ಕೋಣೆಗಳಲ್ಲಿ ಬೆಳೆಯುವ ತಳಿಗಳು ಆ ಪ್ರಮಾಣವನ್ನೂ ಮೀರಿಸಬಲ್ಲವು. ಯುರೋಪಿನ ಹಲವು ನಗರಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು, ಶೇಕಡಾ 10ಕ್ಕೂ ಮೇಲ್ಪಟ್ಟ ಸತ್ತ್ವದ್ದನ್ನು ನಿತ್ಯವೂ ಸೇವಿಸುವವರಲ್ಲಿ ಚಿತ್ತಭ್ರಮೆಯ ಸಂಭವವು ಎಂದೂ ಮುಟ್ಟದವರಿಗಿಂತ ಐದುಪಟ್ಟಿನ ಹತ್ತಿರಕ್ಕಿರುವುದನ್ನು ಕಂಡಿತು. ಆಂಗ್ಲ ಸರ್ಕಾರದ ಆ ಆಯೋಗವು 1894ರ ತನ್ನ ವರದಿಯಲ್ಲಿ ವಿಚಾರಿಸಿದ್ದು ಈ ಗಿಡವನ್ನಲ್ಲ.

ಹಾಗೆಂದು ಕಾಯಿದೆಯು ನಿರ್ದುಷ್ಟವಾದುದೆಂದು ನಾನು ಹೇಳಲಾರೆನು. ಕೆನಡಾವು 2018ರಿಂದ ಮನೆಗೆ ನಾಲ್ಕು ಗಿಡಗಳನ್ನೂ ಜರ್ಮನಿಯು 2024ರಿಂದ ವಯಸ್ಕನೊಬ್ಬನಿಗೆ ಮೂರು ಗಿಡಗಳನ್ನೂ ಬಿಟ್ಟುಕೊಟ್ಟಿವೆ; 2020ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಆಯೋಗವು ಈ ಸಸ್ಯವನ್ನು ಅತ್ಯಂತ ಕಟ್ಟುನಿಟ್ಟಿನ ಪಟ್ಟಿಯಿಂದ 25ರ ವಿರುದ್ಧ 27 ಮತಗಳಿಂದ ತೆಗೆದಾಗ, ಭಾರತವು ತೆಗೆಯಬೇಕೆಂಬವರ ಪರವಾಗಿಯೇ ಮತವಿತ್ತಿತು. ಅವರಂತೆ ನಾವೂ ಬಾಗಿಲನ್ನು ತೆರೆಯಬೇಕೆಂದು ನನ್ನ ಅಭಿಪ್ರಾಯವಲ್ಲ. ಆದರೆ ಇಟ್ಟುಕೊಂಡವನಿಗೆ ಅಲ್ಪವೆಂದೂ ಅನಲ್ಪವೆಂದೂ ತಕ್ಕಡಿ ಹಿಡಿಯುವ ಕಾಯಿದೆಯು, ಬೆಳೆದವನ ಮುಂದೆ ಅದನ್ನು ಬಚ್ಚಿಡುವುದು ನ್ಯಾಯವಲ್ಲ. ಹಾಸ್ಟೆಲಿನ ಹುಡುಗನ ಒಂದು ಕುಂಡಕ್ಕೂ ದಂಧೆಯವನ ನೂರು ಕುಂಡಕ್ಕೂ ಒಂದೇ ಕಲಮನ್ನು ಓದಿಹೇಳುವುದು ದಂಧೆಯವನಿಗೇ ಅನುಕೂಲ. ಸಂಸತ್ತು ಅಲ್ಲೊಂದು ಉಪವಾಕ್ಯವನ್ನು ಸೇರಿಸಬೇಕಾಗಿದೆ. ಸೇರಿಸುವವರೆಗೆ, ಇರುವ ಕಾಯಿದೆಯೇ ಕಾಯಿದೆ.

ಆ ಕಾಯಿದೆಯಲ್ಲಿ, ಮನೆಗಳನ್ನು ಬಾಡಿಗೆಗೆ ಕೊಟ್ಟು ಜೀವಿಸುವ ಕಾಡುಗೋಡಿ, ದೊಡ್ಡತೋಗೂರು, ದಾಸರಹಳ್ಳಿಯ ಯಜಮಾನರು ತಿಳಿದಿರಬೇಕಾದ ಮಾತೊಂದುಂಟು. 25ನೆಯ ಕಲಮಿನಂತೆ, ತನ್ನ ಮನೆಯಲ್ಲಿ ಇಂತಹ ಅಪರಾಧ ನಡೆಯುತ್ತಿರುವುದನ್ನು ತಿಳಿದೂ ಬಿಟ್ಟುಕೊಟ್ಟ ಮಾಲೀಕನಿಗೆ ಆ ಅಪರಾಧಕ್ಕಿರುವ ಶಿಕ್ಷೆಯೇ ಸಲ್ಲುತ್ತದೆ. ಕರೆಂಟಿನ ಬಿಲ್ಲು ಇದ್ದಕ್ಕಿದ್ದಂತೆ ಏರಿದರೆ, ಹಗಲಿರುಳು ಪರದೆ ಮುಚ್ಚಿದ ಕೋಣೆಯಿಂದ ಘಾಟುವಾಸನೆ ಬಂದರೆ, ಬಾಡಿಗೆ ಸರಿಯಾಗಿ ಬರುತ್ತಿದೆಯಲ್ಲ ಎಂದು ಕಣ್ಣುಮುಚ್ಚಿ ಕೂರುವಂತಿಲ್ಲ.

ತರುಣನಿಗೆ ಇದನ್ನೆಲ್ಲ ಇಷ್ಟು ಉದ್ದವಾಗಿ ಅಂದೇ ಹೇಳಲಾಗಲಿಲ್ಲ. ಮರುವಾರ ಹೇಳಿದೆನು, ಕೇಳಿದನು. ಕೊನೆಗೆ, ದೀಪವನ್ನು ಆಗಲೇ ಆರ್ಡರ್ ಮಾಡಿ ತರಿಸಿಬಿಟ್ಟಿದ್ದೇನೆಂದು ತಪ್ಪೊಪ್ಪಿಕೊಂಡನು. ಬೀಜದಿಂದ ಗಿಡವನ್ನೆಬ್ಬಿಸುವ ಆಸೆ ಒಳ್ಳೆಯದೇ. ಅದಕ್ಕೆ ಇಲ್ಲಿ ಗುರುಗಳೂ ಉಂಟು. ಡಾ. ಬಿ. ಎನ್. ವಿಶ್ವನಾಥರು ವರ್ಷಗಟ್ಟಲೆ ತಾರಸಿಯ ತೋಟವನ್ನು ಬೆಂಗಳೂರಿಗರಿಗೆ ಕಲಿಸಿದ್ದಾರೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಸಿದ್ಧಪಡಿಸಿದ ‘ಅರ್ಕಾ’ ಹೆಸರಿನ ಸೂಕ್ಷ್ಮಜೀವಿಮಿಶ್ರಣವೂ ಹುದುಗಿಸಿದ ತೆಂಗಿನನಾರಿನ ಪುಡಿಯೂ ಕುಂಡದ ತರಕಾರಿಗೆ ಹೇಳಿಮಾಡಿಸಿದಂತಿವೆ. 1882ರಲ್ಲಿ ಡಿ. ಎಸ್. ವೈಟ್ ಎಂಬವರ ಮುಂದಾಳ್ತನದಲ್ಲಿ ಈ ವೈಟ್‌ಫೀಲ್ಡ್ ಹುಟ್ಟಿದ್ದೇ ಒಂದು ಬೇಸಾಯದ ವಸಾಹತುವಾಗಿ, ಮಹಾರಾಜರು ದಯಪಾಲಿಸಿದ ನೆಲದ ಮೇಲೆ. ಕಂಪನಿಗಳು ಬಂದದ್ದು ಆಮೇಲೆ. ತರುಣನ ದೀಪದ ಕೆಳಗೆ ಈಗ ಬ್ಯಾಡಗಿ ಮೆಣಸಿನಕಾಯಿಯ ಸಸಿಗಳು ಎದ್ದಿವೆ.

ಗಿಡವನ್ನು ಬೆಳೆಸುವ ಆಸೆಯಲ್ಲ, ಸೇದುವ ಚಟವೇ ಯಾರನ್ನಾದರೂ ಬಿಡದೆ ಹಿಡಿದಿದ್ದ ಪಕ್ಷದಲ್ಲಿ, ಅವರು ಪೊಲೀಸರಿಗೆ ಹೆದರಿ ಆಸ್ಪತ್ರೆಯನ್ನು ದೂರವಿಡಬೇಕಾಗಿಲ್ಲ. ಅಲ್ಪಪ್ರಮಾಣದ ವಿಷಯದಲ್ಲಿ, ತಾನಾಗಿ ಬಂದು ಚಿಕಿತ್ಸೆ ಪಡೆಯುವ ವ್ಯಸನಿಗೆ ಮೊಕದ್ದಮೆಯಿಂದ ರಕ್ಷಣೆಯನ್ನು ಅದೇ ಕಾಯಿದೆಯ 64ಎ ಕಲಮು ಕೊಟ್ಟಿದೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವುಂಟು. ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 14446, ಕರೆಗೆ ದುಡ್ಡಿಲ್ಲ.